ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ: ನಿಂತ ಕಾರಿನೊಳಗೆ ಉಳಿದ ಮಗು

ಬೇಸಿಗೆಯಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಬೆವರುಸಾಲೆ, ವಾಂತಿಭೇದಿ ಮತ್ತು ಮಾವಿನಹಣ್ಣಿನ ಉಷ್ಣದ ಸುತ್ತ ಇರುತ್ತವೆ. ಈ ಸಲ ಬಂದವುಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತು ಇದ್ದುದರಿಂದ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವುಗಳಿಗಷ್ಟೇ ಉತ್ತರಿಸುತ್ತಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾವು ಹಾವೇರಿ ಕಡೆಯವರು, ಈಗ ಟೆಕ್ಸಾಸ್‌ನ ಡಲ್ಲಾಸ್ ಸಮೀಪ ಇದ್ದೇವೆ. ನಮಗೆ 14 ತಿಂಗಳ ಮಗನಿದ್ದಾನೆ. ಬೆಳಿಗ್ಗೆ ಅವನನ್ನು ಡೇ ಕೇರ್‌ಗೆ ಬಿಡುವವಳು ನಾನು, ಕೆಲವೊಮ್ಮೆ ಮಾತ್ರ ನನ್ನ ಯಜಮಾನರು. ತಂದೆಯೊಬ್ಬರು ಮಗುವನ್ನು ಕಾರಿನಲ್ಲೇ ಮರೆತು ಕೆಲಸಕ್ಕೆ ಹೋದ ಸುದ್ದಿ ಇಲ್ಲಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಊರಿನಲ್ಲಿರುವ ನನ್ನ ತಾಯಿ ಫೋನಿನಲ್ಲಿ, "ಹೆತ್ತ ಮಗುವನ್ನು ಮರೆಯುವಷ್ಟು ನಿರ್ಲಕ್ಷ್ಯವೇನೇ? ಅವರಿಗೆ ಮಗುವೇ ಬೇಡವಾಗಿತ್ತೇನೋ" ಎನ್ನುತ್ತಾರೆ. ಇದು ನಿಜವಾಗಿಯೂ ನಿರ್ಲಕ್ಷ್ಯವೇ? ನಮಗೂ ಹೀಗಾಗಬಹುದೆಂಬ ಭಯ ಹತ್ತಿದೆ, ಅದನ್ನು ಹೇಳಿದರೆ ಯಜಮಾನರು ನಗುತ್ತಾರೆ.

ಉತ್ತರ: ನಿಮ್ಮ ತಾಯಿಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಅವರೊಬ್ಬರ ಮಾತಲ್ಲ, ಅಂಥ ಸುದ್ದಿ ಓದಿದ ಪ್ರತಿಯೊಬ್ಬರ ಬಾಯಲ್ಲಿ ಮೊದಲು ಬರುವ ಮಾತು. ಅಮೆರಿಕದಲ್ಲಿ ಈ ಸಾವುಗಳನ್ನು ಒಂದೊಂದಾಗಿ ಲೆಕ್ಕವಿಟ್ಟವರು ಹವಾಮಾನ ತಜ್ಞ ಜ್ಯಾನ್ ನಲ್. ಅವರ ಲೆಕ್ಕದ ಪ್ರಕಾರ 1998ರಿಂದೀಚೆಗೆ ಅಲ್ಲಿ ಬಿಸಿಯಾದ ವಾಹನದೊಳಗೆ ಸತ್ತ ಮಕ್ಕಳ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ, ವರ್ಷಕ್ಕೆ ಸರಾಸರಿ 37. ಅತ್ಯಂತ ಕೆಟ್ಟ ವರ್ಷಗಳಾದ 2018 ಮತ್ತು 2019ರಲ್ಲಿ ಈ ಸಂಖ್ಯೆ ತಲಾ 50ನ್ನು ದಾಟಿತ್ತು. ರಾಜ್ಯಗಳ ಪೈಕಿ ಮೊದಲ ಸ್ಥಾನ ನೀವಿರುವ ಟೆಕ್ಸಾಸಿನದು. ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹಿರಿಯರ ಮರೆವಿನಿಂದ ಸತ್ತವರು. ಸುಮಾರು ಕಾಲು ಭಾಗದಷ್ಟು ಮಕ್ಕಳು ತಾವಾಗಿಯೇ ಕಾರಿನೊಳಗೆ ಹೊಕ್ಕು ಸಿಕ್ಕಿಕೊಂಡವರು. ಐದರಲ್ಲೊಂದು ಭಾಗದಷ್ಟು ಮಕ್ಕಳನ್ನು ದೊಡ್ಡವರು ಗೊತ್ತಿದ್ದೇ ಬಿಟ್ಟು ಹೋಗಿದ್ದರು. ಈ ಮೂರಕ್ಕೂ ನಾವು ನಿರ್ಲಕ್ಷ್ಯ ಎಂಬ ಒಂದೇ ಪದವನ್ನು ಬಳಸುತ್ತಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಆ ಪದ ಸಲ್ಲುವುದು ಮೂರನೆಯದಕ್ಕೆ ಮಾತ್ರ, ಮೊದಲನೆಯದಕ್ಕೆ ಅದನ್ನು ಅಂಟಿಸುವುದರಿಂದ ಮಕ್ಕಳಿಗೇ ಹಾನಿ.

ಹಾನಿ ಹೇಗೆಂದರೆ, "ಅದು ಬೇಜವಾಬ್ದಾರಿ ಜನರ ಮನೆಯಲ್ಲಿ ಆಗುವಂಥದ್ದು" ಎಂದು ಒಮ್ಮೆ ತೀರ್ಮಾನಿಸಿದವರು ತಮ್ಮ ಮನೆಯಲ್ಲಿ ಯಾವ ಎಚ್ಚರಿಕೆಯನ್ನೂ ವಹಿಸುವುದಿಲ್ಲ. ನಿಮ್ಮ ಯಜಮಾನರು ನಗುವುದು ಅದಕ್ಕಾಗಿಯೇ. ಆದರೆ ಹೀಗೆ ಮಗುವನ್ನು ಕಳೆದುಕೊಂಡವರಲ್ಲಿ ಶಿಕ್ಷಕರು, ವೈದ್ಯರು, ಪೊಲೀಸರು, ಸೈನಿಕರು, ಪುರೋಹಿತರು ಎಲ್ಲರೂ ಇದ್ದಾರೆ. ಇದನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿರುವ ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ನರವಿಜ್ಞಾನಿ ಡೇವಿಡ್ ಡೈಮಂಡ್ ಅವರ ವಿವರಣೆ ಹೀಗಿದೆ: ದಿನವೂ ಹೋಗುವ ದಾರಿಯಲ್ಲಿ ಕಾರು ನಡೆಸುವುದು ಮಿದುಳಿನ ಆಳದಲ್ಲಿರುವ ಅಭ್ಯಾಸದ ವ್ಯವಸ್ಥೆ, ಅದಕ್ಕೆ ನಮ್ಮ ಗಮನ ಬೇಕಿಲ್ಲ. "ಇವತ್ತು ದಾರಿಯಲ್ಲಿ ಮಗುವನ್ನು ಬಿಟ್ಟು ಹೋಗಬೇಕು" ಎಂಬ ಮುಂದಿನ ಕೆಲಸದ ನೆನಪನ್ನು ಹಿಡಿದಿಡುವುದು ಬೇರೆಯದೇ ವ್ಯವಸ್ಥೆ, ಅದು ನಿದ್ದೆಗೆಟ್ಟಾಗ, ಒತ್ತಡದಲ್ಲಿದ್ದಾಗ, ನಡುವೆ ಒಂದು ಫೋನ್ ಕರೆ ಬಂದಾಗ ಸುಲಭವಾಗಿ ಸೋಲುತ್ತದೆ. ಎರಡಕ್ಕೂ ಪೈಪೋಟಿ ಬಿದ್ದಾಗ ಅಭ್ಯಾಸ ಗೆಲ್ಲುತ್ತದೆ. ಒಮ್ಮೆ ರೇಷ್ಮೆ ಪಂಚೆಯುಟ್ಟು ಸಂಬಂಧಿಕರ ಮದುವೆಗೆ ಹೊರಟ ನಾನು, ಭಾನುವಾರ ಬೆಳಿಗ್ಗೆ ಮುಚ್ಚಿದ ನನ್ನ ಕ್ಲಿನಿಕ್ಕಿನ ಮುಂದೆ ಕಾರು ನಿಲ್ಲಿಸಿ ಬೀಗದ ಕೈಗಾಗಿ ಜೇಬು ತಡಕಿದ್ದೇನೆ. ಹಿಂದಿನ ಸೀಟಿನಲ್ಲಿದ್ದ ನನ್ನ ಪತ್ನಿ ಕೇಳಿದ್ದರಿಂದ ಅದು ಇಂದಿಗೂ ಮನೆಯಲ್ಲಿ ತಮಾಷೆಯಾಗಿ ಉಳಿದಿದೆ. ಹಿಂದೆ ಕುಳಿತವರಿಗೆ ಮಾತು ಬಾರದಿದ್ದರೆ ಅಥವಾ ಅವರು ನಿದ್ದೆ ಹೋಗಿದ್ದರೆ ಕೇಳುವವರು ಯಾರು?

ಈ ದುರಂತಗಳ ಹಿಂದಿನ ಸಂದರ್ಭವೂ ಹೆಚ್ಚುಕಡಿಮೆ ಒಂದೇ ಬಗೆಯದು. ದಿನವೂ ಬಿಡುವವರು ಬಿಡದೆ ಇನ್ನೊಬ್ಬರು ಬಿಡುವ ದಿನ ಅದಾಗಿರುತ್ತದೆ, ಮಗು ನಿದ್ದೆಯಲ್ಲಿರುತ್ತದೆ, ಮಗುವನ್ನು ಪಟ್ಟಿ ಬಿಗಿದು ಕೂರಿಸುವ ಪುಟ್ಟ ಕಾರ್ ಸೀಟ್ ಹಿಂದಕ್ಕೆ ಮುಖಮಾಡಿರುವುದರಿಂದ ಖಾಲಿಯೋ ತುಂಬಿದೆಯೋ ಮುಂದಿನಿಂದ ತಿಳಿಯುವುದಿಲ್ಲ. ಇದರ ಹಿಂದೆ ಒಂದು ವಿಚಿತ್ರ ಇತಿಹಾಸವಿದೆ. 1990ರ ದಶಕದಲ್ಲಿ ಮುಂದಿನ ಸೀಟಿನ ಏರ್‌ಬ್ಯಾಗುಗಳು ಬಂದಾಗ ಅವುಗಳ ಹೊಡೆತಕ್ಕೆ ಮಕ್ಕಳು ಸತ್ತರು. ಆಗ ಮಕ್ಕಳನ್ನು ಹಿಂದಿನ ಸೀಟಿಗೆ, ಅದೂ ಎಳೆಯವರನ್ನು ಹಿಂದಕ್ಕೆ ಮುಖಮಾಡಿ ಕೂರಿಸಬೇಕೆಂಬ ಸಲಹೆ ಬಂತು. ಆ ಸಲಹೆ ಸರಿಯಾದದ್ದೇ, ಏರ್‌ಬ್ಯಾಗಿನ ಸಾವುಗಳು ಬಹುಮಟ್ಟಿಗೆ ನಿಂತೇಹೋದವು, ನೀವೂ ಅದನ್ನು ಬಿಡಬಾರದು. ಆದರೆ ಅದರ ಜೊತೆಗೇ ಮಗು ತಂದೆತಾಯಿಯ ಕಣ್ಣಳತೆಯಿಂದ ಸರಿಯಿತು, ಕಾರಿನಲ್ಲಿ ಮರೆತುಹೋಗುವ ಮಕ್ಕಳ ಸಂಖ್ಯೆ ಏರಿದ್ದು ಆ ನಂತರ.

ಒಂದು ಮಾತು ಬರೆಯಲು ನನಗೇ ಕಷ್ಟವಾಗುತ್ತಿದೆ, ಆದರೂ ನಿಮ್ಮ ಯಜಮಾನರಿಗೆ ಅದನ್ನು ಓದಿ ಹೇಳಿ. ಇಂಥ ಕೆಲವು ಪ್ರಕರಣಗಳಲ್ಲಿ ತಂದೆಯೋ ತಾಯಿಯೋ ಸಂಜೆ ಅದೇ ಕಾರಿನಲ್ಲಿ, ಮಗುವನ್ನು ಕರೆದೊಯ್ಯಲೆಂದು ಡೇ ಕೇರ್‌ಗೆ ಹೋಗಿದ್ದಾರೆ. ಬೆಳಿಗ್ಗೆ ಬಿಟ್ಟಿದ್ದೇನೆ ಎಂಬ ನೆನಪನ್ನು ಮಿದುಳು ತಾನೇ ಕಟ್ಟಿಕೊಟ್ಟಿರುತ್ತದೆ. "ಇವತ್ತು ಮಗು ಬರಲೇ ಇಲ್ಲವಲ್ಲ" ಎಂದು ಅಲ್ಲಿಯವರು ಬಾಗಿಲಲ್ಲಿ ಹೇಳುವವರೆಗೆ ಅವರಿಗೆ ಏನೂ ತಿಳಿದಿರುವುದಿಲ್ಲ. ಮಗು ಬೇಡವಾದವರು ಹಾಗೆ ಹೋಗುವುದಿಲ್ಲ ಎಂದು ನಿಮ್ಮ ತಾಯಿಯವರಿಗೆ ಹೇಳಿ.

ಇನ್ನು ನೀವು ಮಾಡಬೇಕಾದದ್ದು. ಪ್ರೀತಿಯನ್ನೋ ಜವಾಬ್ದಾರಿಯನ್ನೋ ನಂಬಿ ಕೂರಬೇಡಿ, ವ್ಯವಸ್ಥೆಯನ್ನು ನಂಬಿ. ಎಲ್ಲಕ್ಕಿಂತ ಮುಖ್ಯವಾದದ್ದು ಡೇ ಕೇರ್‌ನವರೊಡನೆ ಮಾಡಿಕೊಳ್ಳುವ ಒಪ್ಪಂದ: ಮಗು ಬರಬೇಕಾದ ಹೊತ್ತಿಗೆ ಬಾರದೆ ಹತ್ತು ನಿಮಿಷವಾದರೆ ಅವರು ನಿಮ್ಮಿಬ್ಬರಿಗೂ ಫೋನ್ ಮಾಡಲೇಬೇಕು, ಸಂದೇಶ ಕಳುಹಿಸಿ ಸುಮ್ಮನಾಗಬಾರದು. ಅದರಂತೆಯೇ ಮಗು ಬರುವುದಿಲ್ಲವಾದರೆ ನೀವೂ ಮುಂಚೆಯೇ ತಿಳಿಸಬೇಕು, ಇಲ್ಲವಾದರೆ ಆ ಕರೆಯ ಬೆಲೆ ಕ್ರಮೇಣ ಕಳೆದುಹೋಗುತ್ತದೆ. ಯಜಮಾನರು ಬಿಡುವ ದಿನ ಬಿಟ್ಟ ಮೇಲೆ ನಿಮಗೊಂದು ಕರೆ ಬರಲಿ, ಬಾರದಿದ್ದರೆ ಸಂಕೋಚಪಡದೆ ನೀವೇ ಮಾಡಿ. ಕಚೇರಿಯ ಗುರುತಿನ ಚೀಟಿ, ಲ್ಯಾಪ್‌ಟಾಪ್ ಚೀಲ, ಇಲ್ಲವೇ ಎಡಗಾಲಿನ ಬೂಟು, ಅಂದರೆ ಯಾವುದಿಲ್ಲದೆ ಕಚೇರಿಯೊಳಗೆ ಹೋಗಲಾಗದೋ ಅದನ್ನು ಮಗುವಿನ ಪಕ್ಕದಲ್ಲಿಡುವ ರೂಢಿ ಮಾಡಿಕೊಳ್ಳಿ. ಬೂಟಿನ ಮಾತಿಗೆ ನಗಬಹುದು, ಆದರೆ ಒಂದೇ ಬೂಟಿನಲ್ಲಿ ಯಾರೂ ಲಿಫ್ಟ್ ಹತ್ತುವುದಿಲ್ಲ.

ಈಚಿನ ಕಾರುಗಳಲ್ಲಿ ಹಿಂದಿನ ಸೀಟನ್ನು ನೋಡಲು ನೆನಪಿಸುವ ಸೌಲಭ್ಯ ಬರುತ್ತಿದೆ, ಅದರ ಮಿತಿಯನ್ನೂ ತಿಳಿದಿರಿ. ಅವುಗಳಲ್ಲಿ ಹೆಚ್ಚಿನವು ಹೊರಡುವ ಮುನ್ನ ಹಿಂದಿನ ಬಾಗಿಲು ತೆರೆದಿತ್ತೇ ಎಂಬುದನ್ನಷ್ಟೇ ಗಮನಿಸುತ್ತವೆ, ಒಳಗೆ ಮಗುವಿದೆಯೇ ಎಂಬುದು ಅವಕ್ಕೆ ಗೊತ್ತಾಗುವುದಿಲ್ಲ. ನಡುವೆ ಪೆಟ್ರೋಲ್ ಬಂಕಿನಲ್ಲಿ ಇಳಿದು ಮತ್ತೆ ಹೊರಟರೆ ಕೆಲವು ಕಾರುಗಳ ಲೆಕ್ಕವೇ ತಪ್ಪುತ್ತದೆ. ಇಟಲಿಯಲ್ಲಿ ನಾಲ್ಕು ವರ್ಷದೊಳಗಿನ ಮಗುವಿನ ಸೀಟಿಗೇ ಎಚ್ಚರಿಕೆಯ ಸಾಧನವಿರಬೇಕೆಂಬ ನಿಯಮ 2019ರ ನವೆಂಬರಿನಿಂದ ಜಾರಿಯಲ್ಲಿದೆ. ಅಮೆರಿಕದಲ್ಲಿ 2021ರ ಮೂಲಸೌಕರ್ಯ ಕಾಯ್ದೆ ಎಲ್ಲ ಹೊಸ ಕಾರುಗಳಿಗೂ ಹೀಗೆ ನೆನಪಿಸುವ ಸೌಲಭ್ಯದ ನಿಯಮ ರೂಪಿಸಬೇಕೆಂದು ಹೇಳಿದೆ. ಬೂಟು ಅದಕ್ಕಿಂತ ಅಗ್ಗ.

ಪ್ರಶ್ನೆ: ದಾವಣಗೆರೆಯಲ್ಲಿ ಸಂತೆಗೆ ಹೋದಾಗ ಮಗಳು ನಿದ್ದೆ ಮಾಡುತ್ತಿದ್ದರೆ ಅವಳನ್ನು ಎಬ್ಬಿಸದೆ, ಹೊಂಗೆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಉಸಿರಾಟಕ್ಕೆ ತೊಂದರೆಯಾಗದಂತೆ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ ಐದು ನಿಮಿಷದಲ್ಲಿ ಬರುತ್ತೇನೆ. ಮನೆಯವಳು ಇದಕ್ಕೆ ಜಗಳ ಮಾಡುತ್ತಾಳೆ. ಯಾರದು ಸರಿ?

ಉತ್ತರ: ನಿಮ್ಮ ಮನೆಯವರದು.

ನಿಮ್ಮ ತಪ್ಪಿನ ಮೂಲ ಆ ಎರಡು ಬೆರಳಿನ ಗಾಜಿನಲ್ಲಿದೆ, ಅದಕ್ಕೆ ನಮ್ಮ ಪತ್ರಿಕೆಗಳೂ ಹೊಣೆ. ಕಾರಿನಲ್ಲಿ ಮಗು ಸತ್ತಾಗ "ಉಸಿರುಗಟ್ಟಿ ಸಾವು" ಎಂದು ಬರೆಯುವುದು ನಮ್ಮಲ್ಲಿ ವಾಡಿಕೆ. ಅದನ್ನು ಓದಿದವರು ಗಾಳಿಯಾಡಿದರೆ ಸಾಕು ಎಂದುಕೊಳ್ಳುತ್ತಾರೆ. ಕಾರಿನೊಳಗಿನ ಗಾಳಿ ಒಂದು ಮಗುವಿಗೆ ಗಂಟೆಗಟ್ಟಲೆ ಸಾಲುತ್ತದೆ, ಮಗುವನ್ನು ಅದಕ್ಕಿಂತ ಬಹಳ ಮೊದಲೇ ಕೊಲ್ಲುವುದು ಶಾಖ. ಬಿಸಿಲು ಗಾಜಿನ ಮೂಲಕ ಒಳಬಂದು ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಮತ್ತು ಸೀಟುಗಳನ್ನು ಕಾಯಿಸುತ್ತದೆ. ಕಪ್ಪು ಡ್ಯಾಶ್‌ಬೋರ್ಡ್ 80 ಡಿಗ್ರಿಗಿಂತಲೂ ಹೆಚ್ಚು ಕಾಯಬಲ್ಲದು. ಆ ಕಾದ ವಸ್ತುಗಳು ಒಳಗಿನ ಗಾಳಿಯನ್ನು ಕಾಯಿಸುತ್ತವೆ, ಕಾದ ಗಾಳಿಗೆ ಹೊರಹೋಗುವ ದಾರಿ ಸಾಲದು. ಹತ್ತೇ ನಿಮಿಷದಲ್ಲಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅರ್ಧ ಗಂಟೆಗೆ 19, ಒಂದು ಗಂಟೆಗೆ 24. ಹೊರಗೆ 35 ಡಿಗ್ರಿ ಇದ್ದರೆ ನೀವು ಸೊಪ್ಪಿನವಳ ಹತ್ತಿರ ಚೌಕಾಸಿ ಮುಗಿಸುವ ಹೊತ್ತಿಗೆ ಒಳಗೆ 45. 2005ರಲ್ಲಿ ಅಮೆರಿಕದ ವೈದ್ಯರು ಮತ್ತು ಮೇಲೆ ಹೇಳಿದ ಜ್ಯಾನ್ ನಲ್ ಸೇರಿ ಅಳೆದು ನೋಡಿದಾಗ, ಗಾಜನ್ನು ಒಂದೂವರೆ ಇಂಚು ಇಳಿಸಿದ್ದರೂ ಈ ಏರಿಕೆ ಹೆಚ್ಚೇನೂ ನಿಧಾನವಾಗಲಿಲ್ಲ. ಹೊರಗೆ ಕೇವಲ 22 ಡಿಗ್ರಿ ಇದ್ದ ದಿನವೂ ಒಂದು ಗಂಟೆಯಲ್ಲಿ ಒಳಗೆ 47 ತಲುಪಿತ್ತು. ಆದ್ದರಿಂದ ಬೆಂಗಳೂರು, ಮೈಸೂರಿನವರು "ನಮ್ಮಲ್ಲಿ ಅಂಥ ಬಿಸಿಲೆಲ್ಲಿ" ಎಂದು ನಿರಾಳರಾಗುವಂತಿಲ್ಲ.

ನೆರಳಿನ ವಿಷಯ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡುಬೇಸಿಗೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಎರಡು ವರ್ಷದ ಮಗುವಿನ ಮೈಶಾಖ ಅಪಾಯದ ಮಟ್ಟಕ್ಕೆ ಏರಲು ಸುಮಾರು ಒಂದು ಗಂಟೆ ಸಾಕು, ನೆರಳಿನಲ್ಲಿ ಎರಡು ಗಂಟೆಯೊಳಗೆ ಅದೇ ಸ್ಥಿತಿ ಬರುತ್ತದೆ ಎಂದು ಅಂದಾಜಿಸಿದ್ದಾರೆ. ನೆರಳು ಸಾವನ್ನು ತಡಮಾಡುತ್ತದೆ, ತಪ್ಪಿಸುವುದಿಲ್ಲ. ಅಲ್ಲದೆ ಮರದ ನೆರಳು ನಿಂತಲ್ಲಿ ನಿಲ್ಲುವುದೂ ಇಲ್ಲ. ಇವು ಅಂದಾಜಿನ ಮಗುವಿನ ಲೆಕ್ಕಗಳು, ಜ್ವರದಿಂದಲೋ ಭೇದಿಯಿಂದಲೋ ಬಳಲಿದ ಮಗುವಿಗೆ ಇಷ್ಟು ಸಮಯವೂ ಬೇಕಿಲ್ಲ. ಮಗುವಿನ ದೇಹ ದೊಡ್ಡವರದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಅದಕ್ಕೆ ಪಟ್ಟಿ ಬಿಚ್ಚಿಕೊಳ್ಳಲು ಬಾರದು, ಸ್ವೆಟರ್ ತೆಗೆಯಲು ಬಾರದು, ಕಾದ ಬಕಲ್ ತೊಡೆಗೆ ತಗುಲಿ ಚುರ್ರೆಂದರೂ ಸರಿದು ಕೂರಲು ಬಾರದು.

ಎ.ಸಿ. ಹಾಕಿಟ್ಟು ಹೋಗುತ್ತೇನೆ ಎನ್ನುವವರೂ ಇದ್ದಾರೆ. ಕೆಲವು ಕಾರುಗಳ ಎಂಜಿನ್ ನಿಂತಲ್ಲೇ ಸ್ವಲ್ಪ ಹೊತ್ತು ಓಡಿ ತಾನಾಗಿಯೇ ಆರಿಹೋಗುವಂತೆ ಇರುತ್ತದೆ. 2024ರ ಜುಲೈನಲ್ಲಿ ಅರಿಜೋನಾದಲ್ಲಿ ಎರಡು ವರ್ಷದ ಹೆಣ್ಣುಮಗು ಸತ್ತದ್ದು ಹೀಗೆಯೇ: ಮಲಗಿದ ಮಗುವನ್ನು ತಂದೆ ಎ.ಸಿ. ಓಡುತ್ತಿದ್ದ ಕಾರಿನಲ್ಲೇ ಬಿಟ್ಟು ಒಳಗೆ ಹೋಗಿದ್ದರು, ಎಂಜಿನ್ ಆರಿತು. ಇಲ್ಲಿ ಮರೆವಿನ ಮಾತಿಲ್ಲ, ನಿರ್ಲಕ್ಷ್ಯ ಎಂಬ ಪದವನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಬಳಸುವುದು ಇಂಥಲ್ಲಿ. ನಿಮ್ಮ ಹೊಂಗೆ ಮರವೂ ಇದೇ ಜಾತಿಗೆ ಸೇರುತ್ತದೆ, ಬೇಸರಪಡಬೇಡಿ. ಮಗಳನ್ನು ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋಗಿ, ಇಲ್ಲವಾದರೆ ಮನೆಯವರೂ ನೀವೂ ಒಬ್ಬರಾದ ಮೇಲೊಬ್ಬರು ಇಳಿಯಿರಿ.

ಪ್ರಶ್ನೆ: ನಾನು ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. ಆಂಧ್ರದಲ್ಲಿ ನಾಲ್ಕು ಮಕ್ಕಳು ನಿಂತಿದ್ದ ಕಾರಿನೊಳಗೆ ಸತ್ತ ಸುದ್ದಿ ಓದಿದಾಗಿನಿಂದ, ನಮ್ಮ ಓಣಿಯಲ್ಲಿ ಮಕ್ಕಳು ಕಾರಿನ ಬಾಗಿಲು ಎಳೆಯುವುದನ್ನು ಕಂಡರೆ ಎದೆ ಝಲ್ ಎನ್ನುತ್ತದೆ. ಮಕ್ಕಳಿಗೆ ಏನು ಹೇಳಿಕೊಡಲಿ?

ಉತ್ತರ: ನಿಮ್ಮ ಪತ್ರವನ್ನು ಓದಿ ನನಗೆ ಸಮಾಧಾನವಾಯಿತು, ಏಕೆಂದರೆ ನಮ್ಮ ದೇಶದ ಸಮಸ್ಯೆ ಇರುವುದು ಸರಿಯಾಗಿ ನೀವು ನೋಡುತ್ತಿರುವ ಜಾಗದಲ್ಲೇ. ಡಲ್ಲಾಸಿನ ತಾಯಿಗೆ ಕೊಟ್ಟ ಉತ್ತರದ ಬಹುಭಾಗ ನಿಮ್ಮ ಓಣಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಸುದ್ದಿಯಾದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವುದು ಆಟವಾಡುತ್ತ ತಾವಾಗಿಯೇ ಒಳಹೊಕ್ಕ ಮಕ್ಕಳು. ನೀವು ಓದಿದ್ದು 2025ರ ಮೇ ತಿಂಗಳಲ್ಲಿ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ ನಡೆದದ್ದು. ಅದಕ್ಕೆ ಒಂದು ತಿಂಗಳ ಮೊದಲು ತೆಲಂಗಾಣದ ಚೇವೆಳ್ಳ ಸಮೀಪದ ಹಳ್ಳಿಯಲ್ಲಿ, ಮದುವೆಯ ಕೆಲಸಕ್ಕೆ ನೆಂಟರು ಸೇರಿದ್ದಾಗ ನಾಲ್ಕು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ಹೀಗೇ ತೀರಿಕೊಂಡರು. ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಮಧ್ಯಪ್ರದೇಶದಿಂದ ಬಂದ ಕೃಷಿ ಕೂಲಿಕಾರ ದಂಪತಿಯ ನಾಲ್ಕು ಮಕ್ಕಳು ಸತ್ತದ್ದು 2024ರ ನವೆಂಬರಿನಲ್ಲಿ, ಅಂದರೆ ಬೇಸಿಗೆಯಲ್ಲೂ ಅಲ್ಲ. ತಂದೆತಾಯಿ ಹೊಲದ ಕೆಲಸಕ್ಕೆ ಹೋಗಿದ್ದರು, ಕಾರು ಅವರದಲ್ಲ. ಅವರನ್ನು ನಿರ್ಲಕ್ಷ್ಯದವರು ಎನ್ನುವ ಮುನ್ನ, ಕೂಲಿಗೆ ಹೋಗುವಾಗ ಮಕ್ಕಳನ್ನು ಯಾರ ಮಡಿಲಿಗೆ ಹಾಕಿ ಹೋಗಬೇಕಿತ್ತು ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಮರೆವಿನ ಪ್ರಕರಣವೂ ನಮ್ಮಲ್ಲಿ ಇಲ್ಲವೆಂದಲ್ಲ, ಆದರೆ ಅದರ ರೂಪ ಬೇರೆ. 2024ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಟಾ ಜಿಲ್ಲೆಯಲ್ಲಿ ಮದುವೆಗೆ ಹೋದ ಕುಟುಂಬವೊಂದರ ಮೂರು ವರ್ಷದ ಮಗು ಕಾರಿನಲ್ಲೇ ಉಳಿಯಿತು. ತಾಯಿಯ ಬಳಿ ಇದೆಯೆಂದು ತಂದೆ, ತಂದೆಯ ಬಳಿ ಇದೆಯೆಂದು ತಾಯಿ. ನಮ್ಮ ಮದುವೆಮನೆ, ಜಾತ್ರೆ, ಗೃಹಪ್ರವೇಶಗಳಲ್ಲಿ "ಅಜ್ಜಿ ಹತ್ತಿರ ಇರಬೇಕು", "ಚಿಕ್ಕಮ್ಮ ಎತ್ತಿಕೊಂಡಿದ್ದಳು" ಎಂಬ ಮಾತನ್ನು ಯಾರು ಕೇಳಿಲ್ಲ? ಎಲ್ಲರ ಕಣ್ಣೂ ಇದೆ ಎಂಬಲ್ಲಿ ಕೆಲವೊಮ್ಮೆ ಯಾರ ಕಣ್ಣೂ ಇರುವುದಿಲ್ಲ. ಕಾರಿನಿಂದ ಇಳಿಯುವಾಗ "ಪುಟ್ಟಿ ಈಗ ನನ್ನ ಕೈಯಲ್ಲಿ" ಎಂದು ಒಬ್ಬರು ಬಾಯಿಬಿಟ್ಟು ಹೇಳಿ, ಇನ್ನೊಬ್ಬರಿಗೆ ಒಪ್ಪಿಸುವಾಗಲೂ ಹಾಗೆಯೇ ಹೇಳಬೇಕು.

ಮಕ್ಕಳಿಗೆ ಹೇಳಿಕೊಡುವ ಮೊದಲು ಕಾರಿನವರಿಗೆ ಹೇಳಬೇಕಾದದ್ದಿದೆ. ಮನೆಯ ಮುಂದೆಯೇ ನಿಲ್ಲಿಸಿದರೂ ಬಾಗಿಲು ಮತ್ತು ಡಿಕ್ಕಿಗೆ ಬೀಗ ಹಾಕಬೇಕು, ಬೀಗದ ಕೈಯನ್ನು ಮಕ್ಕಳ ಕೈಗೆ ಎಟುಕುವ ಮೊಳೆಗೆ ತೂಗುಹಾಕಬಾರದು. ಕೆಟ್ಟು ನಿಂತ ಹಳೆಯ ಕಾರಂತೂ ಮಕ್ಕಳಿಗೆ ಆಟದ ಮನೆಯೇ ಆಗಿಬಿಡುತ್ತದೆ. ಒಳಹೊಕ್ಕ ಮಕ್ಕಳು ಹೊರಬರಲಾಗದಿರುವುದಕ್ಕೆ ಒಂದು ಕಾರಣ ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್. ಅದು ಹಾಕಿದ್ದರೆ ಒಳಗಿನ ಹಿಡಿಯನ್ನು ಎಷ್ಟು ಎಳೆದರೂ ಬಾಗಿಲು ತೆರೆಯುವುದಿಲ್ಲ. ಮುಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇಲ್ಲವೆಂಬುದು ಮಕ್ಕಳಿಗೆ ಗೊತ್ತಿರುವುದಿಲ್ಲ.

ಆದ್ದರಿಂದ ಊರಿನವರ ಒಂದು ಕಾರನ್ನು ಶಾಲೆಯ ಅಂಗಳಕ್ಕೆ ತರಿಸಿ, ಬೆಳಗಿನ ತಂಪಿನಲ್ಲಿ, ಮಾಲೀಕರು ಪಕ್ಕದಲ್ಲಿ ನಿಂತಿರುವಾಗ ಮಕ್ಕಳಿಂದಲೇ ಮಾಡಿಸಿ ನೋಡಿ: ಹಿಂದಿನ ಸೀಟಿನಿಂದ ನಡುವೆ ತೂರಿ ಮುಂದಕ್ಕೆ ಬರುವುದು, ಮುಂದಿನ ಬಾಗಿಲಿನ ಹಿಡಿಯನ್ನು ಎಳೆಯುವುದು, ತೆರೆಯದಿದ್ದರೆ ಹಾರ್ನನ್ನು ಬಿಡದೆ ಒತ್ತುವುದು. ಬಹುತೇಕ ಕಾರುಗಳಲ್ಲಿ ಎಂಜಿನ್ ಆರಿದ್ದರೂ ಹಾರ್ನ್ ಕೆಲಸ ಮಾಡುತ್ತದೆ. ಒಂದನೆಯ ತರಗತಿಯ ಮಗುವಿನ ಕೈಬಲಕ್ಕೆ ಹಾರ್ನ್ ಒತ್ತಲು ಬಾರದಿದ್ದರೆ ಅದರ ಮೇಲೆ ಕುಳಿತುಕೊಳ್ಳಲು ಹೇಳಿ. ಇನ್ನೊಂದು ಮಾತನ್ನೂ ಕಲಿಸಿ: ಗೆಳೆಯರು ಕಾರಿನೊಳಗೆ ಇದ್ದರೆ ಓಡಿಬಂದು ದೊಡ್ಡವರಿಗೆ ಹೇಳಬೇಕು, ಹೇಳಿದವರಿಗೆ ಬೈಗುಳ ಬೀಳುವುದಿಲ್ಲ. ಮಗು ಕಾಣೆಯಾದಾಗ ನಾವು ಮೊದಲು ಬಾವಿ, ಕೆರೆ, ನೀರಿನ ತೊಟ್ಟಿ ನೋಡುತ್ತೇವೆ, ಅದು ಸರಿಯೇ. ಅದೇ ಉಸಿರಿನಲ್ಲಿ ಓಣಿಯ ಪ್ರತಿ ಕಾರಿನ ಗಾಜಿಗೂ ಮುಖವಿಟ್ಟು, ಸೀಟಿನ ಕೆಳಗೂ ಡಿಕ್ಕಿಯೊಳಗೂ ನೋಡುವುದನ್ನು ಈಗ ಸೇರಿಸಿಕೊಳ್ಳಬೇಕಾಗಿದೆ.

ಪ್ರಶ್ನೆ: ಏನೇ ಹೇಳಿದರೂ ಒಂದು ಜೀವ ಹೋಗಿದೆ. ಅಂಥ ತಂದೆತಾಯಿಗೆ ಶಿಕ್ಷೆ ಆಗಬೇಡವೇ? (ಉಡುಪಿಯಿಂದ)

ಉತ್ತರ: ನಾನು ವಕೀಲನಲ್ಲ, ಕಾನೂನಿನ ಪುಸ್ತಕದಲ್ಲಿರುವುದನ್ನಷ್ಟೇ ಹೇಳುತ್ತೇನೆ. ನಮ್ಮಲ್ಲಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಸೆಕ್ಷನ್ನಿನಡಿ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು, ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಸೆಕ್ಷನ್ ಹೇಳುವುದು ಬೇಕೆಂದೇ ಮಾಡಿದ ನಿರ್ಲಕ್ಷ್ಯವನ್ನು ಕುರಿತು. ಟೆಕ್ಸಾಸಿನಲ್ಲಿ ಏಳು ವರ್ಷದೊಳಗಿನ ಮಗುವನ್ನು, 14 ವರ್ಷ ತುಂಬಿದವರ ಜೊತೆಯಿಲ್ಲದೆ, ಗೊತ್ತಿದ್ದೂ ಐದು ನಿಮಿಷಕ್ಕಿಂತ ಹೆಚ್ಚು ಕಾಲ ವಾಹನದಲ್ಲಿ ಬಿಡುವುದೇ ಅಪರಾಧ, ಮಗುವಿಗೆ ಏನೂ ಆಗದಿದ್ದರೂ ಸರಿಯೇ. ನನಗೆ ಆ ಬಗೆಯ ಕಾನೂನು ಹೆಚ್ಚು ಉಪಯುಕ್ತವೆನಿಸುತ್ತದೆ, ಅದು ಸಾವಿಗಾಗಿ ಕಾಯುವುದಿಲ್ಲ.

ಮರೆತವರ ವಿಷಯದಲ್ಲಿ ಅಮೆರಿಕದ ನ್ಯಾಯಾಲಯಗಳೂ ಒಂದೇ ದಾರಿಯಲ್ಲಿ ನಡೆದಿಲ್ಲ. 2014ರ ಜೂನ್‌ನಲ್ಲಿ ಜಾರ್ಜಿಯಾದಲ್ಲಿ 22 ತಿಂಗಳ ಮಗು ಸತ್ತಾಗ, ತಂದೆ ಬೇಕೆಂದೇ ಬಿಟ್ಟನೆಂದು 2016ರಲ್ಲಿ ಕೊಲೆಯ ಅಪರಾಧ ಸಾಬೀತಾಯಿತು. ಆತನ ವಿವಾಹಬಾಹಿರ ಸಂಬಂಧಗಳ ಸಾಕ್ಷ್ಯ ತೀರ್ಪುಗಾರರ ಮನಸ್ಸನ್ನು ಅನ್ಯಾಯವಾಗಿ ಕೆಡಿಸಿತೆಂದು 2022ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2023ರಲ್ಲಿ ಸರ್ಕಾರಿ ಅಭಿಯೋಜಕರು ಕೊಲೆಯ ಆರೋಪದ ಮರುವಿಚಾರಣೆಯನ್ನೇ ಕೈಬಿಟ್ಟರು. ಬೇಕೆಂದು ಮಾಡಿದ್ದೋ ಮರೆವೋ ಎಂಬುದನ್ನು ಮಗುವಿನ ಶವದಿಂದ ಓದಲಾಗದು, ಹಾಗಾಗಿ ತನಿಖೆ ಬೇಕೇ ಬೇಕು. ಆದರೆ ಮರೆವೇ ಎಂದು ಖಚಿತವಾದ ಮೇಲೆ ಜೈಲಿನ ಭಯದಿಂದ ಇನ್ನೊಬ್ಬರ ನೆನಪು ಚುರುಕಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಮರೆಯುವ ಗಳಿಗೆಯಲ್ಲಿ ತಾನು ಮರೆಯುತ್ತಿದ್ದೇನೆಂದು ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಮುಚ್ಚಿದ ಕಾರಿನಲ್ಲಿ ಮಗುವೊಂದೇ ಇರುವುದು ಕಂಡರೆ ಗಾಜು ಒಡೆಯಬಹುದೇ? ಹೊರತೆಗೆದ ಮೇಲೆ ಏನು ಮಾಡಬೇಕು? (ಕಲಬುರಗಿಯಿಂದ)

ಉತ್ತರ: ಮೊದಲು ಬಾಗಿಲುಗಳನ್ನು ಎಳೆದು ನೋಡಿ, ಜೋರಾಗಿ ಕೂಗಿ ಜನರನ್ನು ಸೇರಿಸಿ, ಒಬ್ಬರು 112ಕ್ಕೆ ಕರೆ ಮಾಡಲಿ. ಮಗು ಅಳುತ್ತ ಸ್ಪಂದಿಸುತ್ತಿದ್ದರೆ ಮಾಲೀಕರನ್ನು ಹುಡುಕಿಸಲು ಒಂದೆರಡು ನಿಮಿಷ ನೋಡಬಹುದು. ಮಂಕಾಗಿದ್ದರೆ, ಗಾಜು ತಟ್ಟಿದರೂ ಅಲುಗದಿದ್ದರೆ ಕಾಯಬೇಡಿ, ಗಾಜಿನ ಬೆಲೆಯನ್ನು ಆಮೇಲೆ ಮಾತನಾಡಬಹುದು. ಮುಂದಿನ ದೊಡ್ಡ ಗಾಜು ಪದರದ್ದಾದ್ದರಿಂದ ಒಡೆದರೂ ಬಿಟ್ಟುಕೊಡುವುದಿಲ್ಲ. ಮಗುವಿನಿಂದ ದೂರವಿರುವ ಪಕ್ಕದ ಕಿಟಕಿಯ ಮೂಲೆಗೆ ಸ್ಪ್ಯಾನರ್‌ನಿಂದಲೋ ಚೂಪು ಕಲ್ಲಿನಿಂದಲೋ ಹೊಡೆಯಿರಿ, ನಡುವಿಗೆ ಹೊಡೆದರೆ ಏಟು ಪುಟಿಯುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡಿರಿ.

ಮೈ ಸುಡುತ್ತಿದ್ದು, ಮಗು ವಾಂತಿ ಮಾಡುತ್ತಿದ್ದರೆ, ತೊದಲುತ್ತಿದ್ದರೆ, ಫಿಟ್ಸ್ ಬಂದಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಅದು ಶಾಖಾಘಾತವೆಂದೇ ತಿಳಿಯಿರಿ. ಆಗ ಮೈಶಾಖ 40 ಡಿಗ್ರಿ ದಾಟಿರುತ್ತದೆ, ಬೆವರು ಇರಲೂಬಹುದು, ಆರಿರಲೂಬಹುದು. ಇದು ಜ್ವರವಲ್ಲ, ಪ್ಯಾರಸಿಟಮಾಲ್ ಇದನ್ನು ಇಳಿಸುವುದಿಲ್ಲ, ದಯವಿಟ್ಟು ಅದಕ್ಕಾಗಿ ಔಷಧ ಅಂಗಡಿಗೆ ಓಡಬೇಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪೂರ್ತಿ ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ಗುಟುಕು ಗುಟುಕಾಗಿ ಕೊಡಬಹುದು. ನೆರಳಿಗೆ ತಂದು ಬಟ್ಟೆಗಳನ್ನೆಲ್ಲ ತೆಗೆದು, ಕೊಡದಲ್ಲೋ ಬಾಟಲಿಯಲ್ಲೋ ಸಿಕ್ಕ ತಣ್ಣೀರನ್ನು ತಲೆಯಿಂದ ಕಾಲಿನವರೆಗೆ ಸುರಿಯಿರಿ. ಕುತ್ತಿಗೆ, ಕಂಕುಳು ಮತ್ತು ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು, ರಟ್ಟೋ ಸೆರಗೋ ಕೈಗೆ ಸಿಕ್ಕಿದ್ದರಿಂದ ಗಾಳಿ ಬೀಸಿ. ಆಂಬುಲೆನ್ಸ್ ಬಂದ ಮೇಲೂ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಒಪ್ಪಿಸಬೇಡಿ, ಒದ್ದೆ ಮೈಯಲ್ಲೇ ಮಲಗಿಸಿ ಆಸ್ಪತ್ರೆಯ ಬಾಗಿಲವರೆಗೂ ಬೀಸುತ್ತಲೇ ಇರಿ.